ತೊಳೆದ ಕಾರ್ಡು

ಸತ್ತವರ ಕಣ್ಣು ತೆರೆಸುವ ವಿದ್ಯೆ ನನಗೆ ಗೊತ್ತು. ಹೆಮ್ಮೆಯಿಂದ ಹೇಳುತ್ತಿಲ್ಲ, ನವಲಗುಂದದಂಥ ಊರಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನು ಕಲಿಯಲೇಬೇಕಾದ ಕೆಲಸ ಅದು. ನಮ್ಮ ಕಡೆ ಹಿರಿಯರು ತೀರಿಕೊಂಡರೆ ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿ, ಸುತ್ತ ಮಕ್ಕಳು ಮೊಮ್ಮಕ್ಕಳು ಕುಳಿತು ಕೊನೆಯದೊಂದು ಫೋಟೋ ತೆಗೆಸುತ್ತಾರೆ. ಅದನ್ನು ದೊಡ್ಡದು ಮಾಡಿಸಲು ಬಂದಾಗ ಮೆಲ್ಲಗೆ, “ಕಣ್ಣ ತೆರಸ್ರಿ” ಎನ್ನುತ್ತಾರೆ. ನಾನು ಮಗನದೋ ಮಗಳದೋ ಕಣ್ಣು ತಂದು ಕಂಪ್ಯೂಟರಿನಲ್ಲಿ ಹಚ್ಚುತ್ತೇನೆ. ಅಪ್ಪ ಮಗನ ಕಣ್ಣಿಂದ ನೋಡುತ್ತಾನೆ, ಮನೆಮಂದಿಗೆ ಸಮಾಧಾನವಾಗುತ್ತದೆ. ಇಷ್ಟು ಜನರ ಕಣ್ಣು ತೆರೆಸಿದ ಆ ಕಂಪ್ಯೂಟರೇ ದೀಪಾವಳಿಯ ಹಿಂದುಮುಂದಿನ ಒಂದು ಗುರುವಾರ ಕಣ್ಣು ಮುಚ್ಚಿತು. ಅದರ ಕಣ್ಣು ತೆರೆಸುವುದು ನನಗೆ ಬರಲಿಲ್ಲ.

ನನ್ನ ಒಂದು ಗುಣವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಚೊಕ್ಕ ಮನುಷ್ಯ. ಸತ್ತವರ ಮನೆಯಿಂದ ಬಂದರೆ ಸ್ನಾನ ಮಾಡದೆ ನೀರು ಸಹ ಕುಡಿಯುವವನಲ್ಲ. ನಾನಷ್ಟೇ ಅಲ್ಲ, ನನ್ನ ಕ್ಯಾಮೆರಾದ ಮೆಮರಿ ಕಾರ್ಡಿಗೂ ಸ್ನಾನವಾಗಬೇಕು. ಅದರೊಳಗಿನ ಫೋಟೋಗಳನ್ನು ಅಂಗಡಿಯ ಕಂಪ್ಯೂಟರಿಗೆ ಇಳಿಸಿ, ಕಾರ್ಡನ್ನು ಪೂರ್ತಿ ಅಳಿಸಿಬಿಡುತ್ತೇನೆ. ಯಾಕೆಂದರೆ ಮರುದಿನ ಅದೇ ಕಾರ್ಡು ಮದುವೆಮನೆಗೆ ಹೋಗಬೇಕು. ಹೆಣ ಇರುವ ಕಾರ್ಡಿನಲ್ಲಿ ಅಕ್ಕಿಕಾಳು ಬೀಳುವುದನ್ನು ಹಿಡಿಯುವುದು ಹೇಗೆ? ಶರಣರು ಸೂತಕವೇ ಇಲ್ಲವೆಂದು ಸಾರಿ ಎಂಟುನೂರು ವರ್ಷಗಳಾದವು. ಅಂದಿನಿಂದ ಅವರ ಪೂಜೆಯನ್ನು ತಪ್ಪದೆ ಮಾಡುತ್ತಾ ಬಂದಿದ್ದೇವೆ, ಮಾತನ್ನಷ್ಟೇ ಕೇಳಿಲ್ಲ. ಇನ್ನೊಂದು ಪ್ರತಿಯನ್ನು ಮನೆಯಲ್ಲಿ ಇಡೋಣವೆಂದರೆ ನನ್ನ ಹೆಂಡತಿ, “ಸತ್ತವರನ್ನ ಮನಿಯೊಳಗ ತರಬ್ಯಾಡ್ರಿ” ಎಂದು ಖಡಾಖಂಡಿತವಾಗಿ ಹೇಳಿದ್ದಾಳೆ. ಹೀಗಾಗಿ ತಾಲ್ಲೂಕಿನ ಸತ್ತವರೆಲ್ಲ ನನ್ನ ಅಂಗಡಿಯ ಆ ಒಂದೇ ಪೆಟ್ಟಿಗೆಯಲ್ಲಿ ವಾಸವಾಗಿದ್ದರು.

ಅವರಲ್ಲಿ ಒಂದು ಕೂಸೂ ಇತ್ತು.

ಶ್ರಾವಣದ ಒಂದು ಮಧ್ಯಾಹ್ನ ಯಮನೂರಿನ ಫಕೀರೇಶ ಅದನ್ನು ಹಳದಿ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಿದ್ದ. ಹುಬ್ಬಳ್ಳಿಯ ದವಾಖಾನೆಯಲ್ಲಿ ಹುಟ್ಟಿ ಎರಡು ದಿನ ಇದ್ದು ಹೋದ ಗಂಡುಕೂಸು. ತಾಯಿ ರೇಣುಕಾಗೆ ಹೆರಿಗೆಯಲ್ಲಿ ನಂಜೇರಿ ಇನ್ನೂ ಎಚ್ಚರ ಇರಲಿಲ್ಲ. ಆಕೆ ಮಗುವಿನ ಮುಖ ನೋಡಿಯೇ ಇರಲಿಲ್ಲ. ಊರಿಗೆ ಒಯ್ದು ಬೆಣ್ಣಿಹಳ್ಳದ ದಂಡೆಗೆ ಮಣ್ಣು ಮಾಡುವ ಮುಂಚೆ ಒಂದು ಫೋಟೋ ಬೇಕಿತ್ತು. ಹೊರಗೆ ಟೆಂಪೋ ನಿಂತಿತ್ತು. ನಿನ್ನ ಮೊಬೈಲಿನಲ್ಲಿ ತೆಗೆದುಕೊಳ್ಳಲಿಲ್ಲವೇ ಎಂದು ಕೇಳಿದೆ.

“ಬ್ಯಾಡ್ರಿ ಕಾಕಾ. ಕೈಯಾಗಿದ್ರ ದಿನಾ ನೋಡ್ಕೋತ ಕುಂದ್ರತೇನಿ, ದುಡಿಯೂದ ಆಗೂದಿಲ್ಲ. ನಿಮ್ಮ ಕಡೆ ಇರ್ಲಿ. ಆಕಿ ತವರಮನಿಯಿಂದ ಬಂದ ಮ್ಯಾಲ ಕೊಡ್ರಿ” ಎಂದ. ಬಟ್ಟೆಯ ಅಂಚು ಸರಿಸಿ, “ಕಣ್ಣ ತೆರಸಾಕ ಬರತೈತೇನ್ರಿ?” ಎಂದ.

ಎರಡು ದಿನದ ಕೂಸಿಗೆ ಯಾರ ಕಣ್ಣು ಹಚ್ಚಲಿ? ತಾಯಿಯದೇ ಹಚ್ಚಬೇಕು. ಆಕೆ ಬಂದಾಗ ಆಕೆಯದೊಂದು ಫೋಟೋ ತೆಗೆದು, ಆ ಕಣ್ಣು ಹಚ್ಚಿಯೇ ಮುದ್ರಿಸಿ ಕೊಡುತ್ತೇನೆ ಎಂದು ಮಾತು ಕೊಟ್ಟೆ. ಫೋಟೋ ತೆಗೆದೆ, ಕಂಪ್ಯೂಟರಿಗೆ ಇಳಿಸಿದೆ, ಸ್ನಾನ ಮಾಡಿದೆ, ಕಾರ್ಡು ತೊಳೆದೆ. ಮರುದಿನ ಒಂದು ಮದುವೆ ಇತ್ತು.

ಸೋಮವಾರ ರೇಣುಕಾ ಬರುತ್ತಾಳೆಂದು ಫಕೀರೇಶ ಫೋನು ಮಾಡಿ ತಿಳಿಸಿದ್ದು ಬುಧವಾರ. ಕಂಪ್ಯೂಟರು ಮಲಗಿದ್ದು ಗುರುವಾರ. ನೀಲಿ ಪರದೆಯ ಮೇಲೆ ‘ಏನೋ ತೊಂದರೆಯಾಗಿದೆ’ ಎಂಬ ಅರ್ಥದ ಒಂದು ಸಾಲು. ಏನು ತೊಂದರೆ, ಯಾರಿಂದ, ಒಂದೂ ಇಲ್ಲ. ಸಾವಿನ ಮನೆಗೆ ತಡವಾಗಿ ಬಂದ ದೂರದ ನೆಂಟರೂ ಹೀಗೆಯೇ ಮಾತಾಡುತ್ತಾರೆ.

ನನ್ನ ಗೆಳೆಯ ಕುಲಕರ್ಣಿ ಮಾಸ್ತರರು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವವರು. ಶುಕ್ರವಾರ ಶಾಲೆ ಬಿಟ್ಟಮೇಲೆ ಒಂದು ಪೆನ್‌ಡ್ರೈವಿನಲ್ಲಿ ರಿಕವರಿ ಟೂಲುಗಳನ್ನು ತುಂಬಿಕೊಂಡು ಬಂದರು. ಕೆಟ್ಟ ಕಂಪ್ಯೂಟರನ್ನು ಒಳಗಿನಿಂದಲೇ ರಿಪೇರಿ ಮಾಡುವ ಸಾಮಾನು ಅವು. ಮೊದಲು ಅವು ಅದರೊಳಗೆ ಹೋಗಿ ಕೂರಬೇಕು. ಕೂರಲಿಲ್ಲ. ಅರ್ಧ ದಾರಿಗೆ ಬಂದು ನಿಂತು, ಜಾಗ ಸಾಲದು ಎಂದವು. ಮತ್ತೆ ಹಚ್ಚಿದರು, ಮತ್ತೆ ಅದೇ. ಮಾಸ್ತರರು ಕನ್ನಡಕ ಹಣೆಗೆ ಏರಿಸಿದರು.

“ಡಿಸ್ಕಿನೊಳಗ ಇಲ್ಲೊಂದು ಸಣ್ಣ ಭಾಗ ಇರಬೇಕಿತ್ತಲ್ಲರಿ, ಎಲ್ಲಿ ಹೋತು?”

ನನಗೆ ನೆನಪಾಯಿತು. ಮಹಾನವಮಿಗೆ ನಮ್ಮಲ್ಲಿ ಘಟ್ಟ ಹಾಕುವ, ಅಂದರೆ ದೇವರ ಮುಂದೆ ಕಲಶ ಕೂರಿಸುವ ಮೊದಲು ಮನೆಯ ಚಿಂದಿಬಟ್ಟೆಯಿಂದ ಹಿಡಿದು ಎಲ್ಲ ತೊಳೆದು, ಉಪಯೋಗವಿಲ್ಲದ್ದನ್ನು ಹೊರಗೆ ಹಾಕುತ್ತೇವೆ. ಆ ಹುರುಪಿನಲ್ಲಿ ನಾನು ಕಂಪ್ಯೂಟರನ್ನೂ ಸ್ವಚ್ಛ ಮಾಡಿದ್ದೆ. ಹೆಸರಿಲ್ಲದೆ, ಕೆಲಸವಿಲ್ಲದೆ ಬಿದ್ದಿದ್ದ ಒಂದು ಸಣ್ಣ ಭಾಗ ಕಂಡಿತ್ತು. ಅದನ್ನು ಅಳಿಸಿ, ಮದುವೆ ವಿಡಿಯೋಗಳ ಭಾಗಕ್ಕೆ ಸೇರಿಸಿಬಿಟ್ಟಿದ್ದೆ.

“ನಿಮ್ಮ ಮನ್ಯಾಗ ಹಗೇವು ಇತ್ತಲ್ಲರಿ, ನೆಲದೊಳಗ ಜ್ವಾಳಾ ಇಡೋದು” ಎಂದರು ಮಾಸ್ತರರು. “ಅದು ಹಂಗಂತ ತಿಳೀರಿ. ಖಾಲಿ ಕಾಣ್ತದ, ಆದರ ಬರಗಾಲಕ್ಕಂತ ಇಟ್ಟದ್ದು.”

ನಮ್ಮ ಮನೆಯ ಹಗೇವನ್ನೂ ನಾನೇ ಮುಚ್ಚಿ ಮೇಲೆ ಫರಸಿಕಲ್ಲು ಹಾಕಿಸಿದ್ದೇನೆ.

ನಾಳೆ ಡಿಸ್ಕನ್ನೇ ಬಿಚ್ಚಿ ತಮ್ಮ ಲ್ಯಾಪ್‌ಟಾಪಿಗೆ ಜೋಡಿಸಿ ನೋಡುವುದಾಗಿಯೂ, ಅಲ್ಲಿಯವರೆಗೆ ಏನನ್ನೂ ಮುಟ್ಟಬಾರದೆಂದೂ ಹೇಳಿ ಅವರು ಹೋದರು. ಮುಟ್ಟಬಾರದೆಂದರೆ ಸುಮ್ಮನೆ ಕೂರುವ ಜಾತಿ ನನ್ನದಲ್ಲ. ಶನಿವಾರ ಬೆಳಿಗ್ಗೆ ಅಂಗಡಿ ತೆರೆದವನೇ ಅವರು ಬಿಟ್ಟುಹೋದ ಪೆನ್‌ಡ್ರೈವ್ ಹಚ್ಚಿ ಕೂತೆ. ಮತ್ತೆ ಜಾಗವಿಲ್ಲ ಎಂದಿತು. ಆದರೆ ಈ ಸಲ ಕೆಳಗೊಂದು ಪ್ರಶ್ನೆ ಇತ್ತು: ಅಳಿಸಿ ಜಾಗ ಮಾಡಲೇ? ನನ್ನ ಇಡೀ ಬಾಳಿನಲ್ಲಿ ಈ ಪ್ರಶ್ನೆಗೆ ನಾನು ಬೇಡ ಎಂದವನಲ್ಲ. ಹೌದು ಎಂದು ಒತ್ತಿದೆ.

ಟೂಲುಗಳು ಸುಸೂತ್ರವಾಗಿ ಕೂತವು. ಕಂಪ್ಯೂಟರು ಬದುಕಿತು. ಅಂಗಡಿಯಿಂದ ಆಗಷ್ಟೇ ತಂದ ಹಾಗೆ ಹೊಳೆಯುತ್ತಿತ್ತು, ಒಳಗೆ ಒಂದು ಫೋಟೋ ಇರಲಿಲ್ಲ. ಇಷ್ಟು ಚೊಕ್ಕ ಕೆಲಸವನ್ನು ನಾನು ಹಿಂದೆಂದೂ ಮಾಡಿರಲಿಲ್ಲ. ಮಾಸ್ತರರಿಗೆ ಫೋನು ಮಾಡಿದೆ.

ಮಾಸ್ತರರು ಬಂದು ನೋಡಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಭಾನುವಾರವಿಡೀ ಕೂತು, ಅಳಿಸಿಹೋದದ್ದನ್ನು ಕೆದಕಿ ತೆಗೆಯುವ ಇನ್ನೊಂದು ಟೂಲು ಹಚ್ಚಿದರು. ಹರಿದ ಚೂರುಗಳು ಬರತೊಡಗಿದವು: ಯಾರದೋ ಪೇಟ, ಯಾರದೋ ಬಾಸಿಂಗ, ಒಬ್ಬ ಅಜ್ಜನ ಅರ್ಧ ಹಣೆ. ಸಂಜೆಗೆ ಕೂಸಿನ ಫೋಟೋ ಸಿಕ್ಕಿತು. ಮೇಲಿನ ಒಂದು ಪಟ್ಟಿಯಷ್ಟೇ ಇತ್ತು: ಫಕೀರೇಶನ ಅಂಗಿಯ ಗುಂಡಿ, ಹಳದಿ ಬಟ್ಟೆಯ ಅಂಚು. ಅದರ ಕೆಳಗೆ ಪೂರ್ತಿ ಬೂದು ಬಣ್ಣ. ಈಗ ನಾನು ಕಾರ್ಡು ತೊಳೆಯುವುದನ್ನು ಬಿಟ್ಟಿದ್ದೇನೆ. ಸತ್ತವರು ನನ್ನ ಕಿಸೆಯಲ್ಲೇ ಮದುವೆಗೆ ಬರುತ್ತಾರೆ. ಅದರಿಂದ ಯಾವ ಮದುವೆಯೂ ಕೆಟ್ಟಿಲ್ಲ. ಕೆಟ್ಟ ಒಂದೆರಡು ಬೇರೆ ಕಾರಣಕ್ಕೆ ಕೆಟ್ಟವು. ಆದರೆ ಈ ಬುದ್ಧಿ ಬಂದದ್ದು ಆ ಕೂಸಿಗೆ ಉಪಯೋಗವಾಗಲಿಲ್ಲ.

ಸೋಮವಾರ ರೇಣುಕಾ ಗಂಡನ ಜೊತೆ ಬಂದಳು. ತಲೆಗೆ ಇನ್ನೂ ಬಾಣಂತಿಯ ಅರಿವೆ ಕಟ್ಟಿದ್ದಳು. ಕಣ್ಣಿನ ಫೋಟೋ ತೆಗೆಸುವುದಕ್ಕೆಂದೇ ಕಾಡಿಗೆ ಹಚ್ಚಿಕೊಂಡು ಬಂದಿದ್ದಳು. ಕಣ್ಣು ಎದುರಿಗೆ ಬಂದು ನಿಂತಿದ್ದವು, ಹಚ್ಚಲು ನನ್ನ ಹತ್ತಿರ ಮುಖವಿರಲಿಲ್ಲ. ತಪ್ಪನ್ನು ಕರೆಂಟಿನ ಮೇಲೋ ಕಂಪ್ಯೂಟರಿನ ಮೇಲೋ ಹಾಕಿಬಿಡಬಹುದಿತ್ತು. ಹಾಕಲಿಲ್ಲ. ನಾನೇ ಅಳಿಸಿದೆ ಎಂದು ಹೇಳಿ, ಉಳಿದದ್ದನ್ನು ಪರದೆಯ ಮೇಲೆ ತೋರಿಸಿದೆ. ಫಕೀರೇಶ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಆಕೆ ಬಹಳ ಹೊತ್ತು ನೋಡಿದಳು.

“ನೀವು ನೋಡೀರಲ್ರಿ ಕಾಕಾ. ಹೆಂಗಿತ್ತು ಹೇಳ್ರಿ.”

ನೆನಪಿಸಿಕೊಳ್ಳಲು ಹೋದರೆ ಬೆಳಕು ನೆನಪಾಯಿತು, ಕ್ಯಾಮೆರಾ ಇಟ್ಟ ಎತ್ತರ ನೆನಪಾಯಿತು. ಮುಖ ನೆನಪಾಗಲಿಲ್ಲ. ತಾಯಿಯ ಹಾಗೇ ಇತ್ತು ಎಂದು ಸುಳ್ಳು ಹೇಳಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಒಂದು ನಿಜ ನೆನಪಿಗೆ ಬಂತು.

“ಎಡಗೈ ಮುಷ್ಟಿ ಬಿಗಿಹಿಡದಿತ್ತವಾ. ಹೆಬ್ಬಟ್ಟು ಒಳಗ ಇಟ್ಕೊಂಡಿತ್ತು. ಫೋಟೋದಾಗ ಛಲೋ ಕಾಣ್ಲಿ ಅಂತ ನಾ ಬಿಡಸಾಕ ಹೋದ್ನಿ, ನಿನ್ನ ಗಂಡ ಬ್ಯಾಡ ಅಂದ.”

ರೇಣುಕಾ ತನ್ನ ಎಡಗೈ ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಮಾಡಿದಳು. “ಹಿಂಗ?” ಎಂದಳು. ಹೌದು ಎಂದೆ. ಆ ಮುಷ್ಟಿಯನ್ನು ಆಕೆ ಬಿಡಿಸಲಿಲ್ಲ. ಪರದೆಯ ಕಡೆ ನೋಡುತ್ತಲೇ, “ಇದನ್ನ ಹಾಕಿಕೊಡ್ರಿ” ಎಂದಳು.

ಮುದ್ರಿಸಲು ಕೂತೆ. ಹುಟ್ಟುಗುಣ ನೋಡಿ, ಆಗಲೂ ಬಿಡಲಿಲ್ಲ. ಕೆಳಗಿನ ಬೂದು ಭಾಗವನ್ನು ಕತ್ತರಿಸಿ ಚೊಕ್ಕ ಮಾಡಿಕೊಡಲೇ ಎಂದು ಕೇಳಿದೆ.

“ಬ್ಯಾಡ್ರಿ” ಎಂದಳು. “ಕೂಸು ಅದರಾಗ ಐತಿ.”