ಹನ್ನೊಂದು ಮೆಟ್ಟಿಲುಗಳ ವಾಕ್ಯ

ಅವರ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಇಪ್ಪತ್ತೆಂಟು ವರ್ಷ ಗ್ರಂಥಾಲಯದ ಮರದ ಡ್ರಾಯರುಗಳಲ್ಲಿ ಕಾರ್ಡು ಸರಿಸಿ ಸರಿಸಿ ಹಾಗಾದದ್ದು ಎಂದು ಅವರು ಹೇಳುತ್ತಿದ್ದರು. ಹುಟ್ಟಿದಾಗಿನಿಂದಲೂ ಹಾಗೇ ಇತ್ತು ಎಂದು ಅವರ ಹೆಂಡತಿ ಆಮೇಲೆ ನನಗೆ ಹೇಳಿದರು. ಎರಡರಲ್ಲಿ ಯಾವುದು ಸರಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಬೆರಳನ್ನು ಕಂಪ್ಯೂಟರಿನ ಪರದೆಗೆ ಒತ್ತಿ, "ಇಲ್ಲಿ, ಈ ಶಬ್ದ ತೆಗಿ" ಎನ್ನುತ್ತಿದ್ದರು. ಅವರು ಎದ್ದುಹೋದ ಮೇಲೆ ಪರದೆಯ ಮೇಲಿನ ಗುರುತುಗಳನ್ನು ಒರೆಸುವುದು ನನ್ನ ದಿನನಿತ್ಯದ ಕೆಲಸವಾಗಿತ್ತು.

ನಾನು ಬಂಟ್ವಾಳ ಪೇಟೆಯವಳು, ಮದುವೆಯಾಗಿ ಬೆಳ್ತಂಗಡಿಗೆ ಬಂದವಳು. ಗಂಡ ಗಲ್ಫಿನಲ್ಲಿದ್ದರು. ಮನೆಯಲ್ಲಿ ಕೂತು ಫೋನಿಗೆ ಕಾಯುವ ಜನ ನಾನಲ್ಲ. ಹಾಗಾಗಿ ಬಸ್ ಸ್ಟ್ಯಾಂಡಿನ ಹತ್ತಿರ ನಾಲ್ಕು ಕಂಪ್ಯೂಟರುಗಳ ಒಂದು ಸೈಬರ್ ಅಂಗಡಿ ಇಟ್ಟುಕೊಂಡಿದ್ದೆ. ಬ್ರಾಡ್‌ಬ್ಯಾಂಡ್ ನಮ್ಮ ಕಡೆಗೆ ಬಂದ ಹೊಸತು. ಬರುವವರೆಲ್ಲ ರಿಸಲ್ಟು ನೋಡಲು ಬರುತ್ತಿದ್ದರು, ಇಲ್ಲವೇ ವೀಸಾದ ಅರ್ಜಿ ತುಂಬಲು. ಈ ಮನುಷ್ಯ ಮಾತ್ರ ಲಾಯಿಲದಿಂದ ನಡೆದುಕೊಂಡು ದಿನಾ ಮೂರು ಗಂಟೆಗೆ ಬಂದು, ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ಒಂದೇ ಪುಟ ತೆರೆದು, ಎರಡೂವರೆ ಗಂಟೆ ಅದನ್ನೇ ನೋಡುತ್ತಿದ್ದರು. ಇನ್ನೊಬ್ಬರ ಪರದೆಗೆ ಇಣುಕಬಾರದು ಎಂದು ಗೋಡೆಯ ಮೇಲೆ ಬರೆದು ಅಂಟಿಸಿದ್ದವಳೇ ನಾನು. ನಾಲ್ಕನೇ ದಿನ ತಡೆಯಲಾಗದೆ ಇಣುಕಿದೆ.

ಅಂತರ್ಜಾಲದ ವಿಶ್ವಕೋಶ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಅದರಲ್ಲಿ ಒಂದು ವಿಶ್ವವಿದ್ಯಾಲಯದ ಬಗ್ಗೆ ಕನ್ನಡದ ಪುಟ. ಚಿಕ್ಕ ಕಾಲೇಜಾಗಿ ಶುರುವಾಗಿ ವಿಶ್ವವಿದ್ಯಾಲಯವಾಗಿ ಬೆಳೆದ ಆ ಸಂಸ್ಥೆಯಲ್ಲೇ ಅವರು ಗ್ರಂಥಪಾಲಕರಾಗಿ ನಿವೃತ್ತರಾದದ್ದು. ಅದರ ಹೆಸರು ಇಲ್ಲಿ ಬೇಡ, ಊರೂ ಬೇಡ.

"ನೀವು ಕೆಲಸ ಬಿಟ್ಟಾಯ್ತಲ್ಲ ಸರ್, ಇನ್ನು ಇದೆಲ್ಲ ಯಾಕೆ?" ಎಂದು ಕೇಳಿದೆ.

"ಯಾರೋ ಮಗು ಓದ್ತದೆ ಇದನ್ನು. ಓದಿ ನಂಬ್ತದೆ. ಸುಳ್ಳು ಓದಿದ್ರೆ ಅದರ ತಪ್ಪಾ?" ಎಂದರು.

ಅವರಿಗೆ ಕನ್ನಡ ಟೈಪು ಬರುತ್ತಿರಲಿಲ್ಲ. ಒಂದು ಅಕ್ಷರ ಹುಡುಕಲು ಅವರು ಪಡುವ ಪಾಡು ನೋಡಲಾರದೆ ನಾನೇ ಕೀಬೋರ್ಡು ಎಳೆದುಕೊಂಡೆ. ಅಲ್ಲಿಂದ ನಾನು ಅವರ ಗುಮಾಸ್ತೆ. ಅಂಗಿಯ ಜೇಬಿನಲ್ಲಿ ಗ್ರಂಥಾಲಯದ ಹಳೆಯ ಕಾರ್ಡುಗಳ ಒಂದು ಕಟ್ಟು ಇರುತ್ತಿತ್ತು. ಖಾಲಿ ಬೆನ್ನಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡು ಬರುತ್ತಿದ್ದರು: ಯಾವ ವಾಕ್ಯ, ಅದಕ್ಕೆ ಆಧಾರ ಯಾವ ಪುಸ್ತಕ, ಎಷ್ಟನೇ ಪುಟ. ಒಂದು ಕಾರ್ಡಿಗೆ ಒಂದೇ ವಾಕ್ಯ.

ನಾರಾವಿ ಕಡೆಯ ಜೈನರು ಅವರು. ಕತ್ತಲಾಗುವ ಮುಂಚೆ ಊಟ ಮುಗಿಯಬೇಕು. ಐದೂವರೆಗೆ, ವಾಕ್ಯ ಅರ್ಧದಲ್ಲಿದ್ದರೂ, ಚಪ್ಪಲಿ ಮೆಟ್ಟಿ ಹೊರಡುವರು. ಆ ಪುಟಕ್ಕೆ ಬಣ್ಣ ಬಳಿಯುವವರಾದರೋ ಎಚ್ಚರಾಗುವುದೇ ಆಮೇಲೆ. ಮರುದಿನ ಮೂರು ಗಂಟೆಗೆ ಬಂದು ನೋಡಿದರೆ ಪುಟದ ತುಂಬ ಹಾರ ತುರಾಯಿ. ಒಮ್ಮೆ ಯಾರೋ "ದಕ್ಷಿಣ ಭಾರತದ ಜ್ಞಾನಕಾಶಿ" ಎಂದು ಸೇರಿಸಿದ್ದರು.

"ಕಾಶಿ ಕಾಶಿಯಲ್ಲಿ ಉಂಟು. ತೆಗಿ" ಎಂದರು.

ಹೊಗಳಿಕೆ ತೆಗೆಯುವುದನ್ನು ನೋಡಿ ನನಗೆ ಒಂದು ಗುಮಾನಿ ಬಂದಿತ್ತು. ಸಂಸ್ಥೆ ಅವರನ್ನು ಚೆನ್ನಾಗಿ ನಡೆಸಿಕೊಂಡಿರಲಿಲ್ಲ ಎಂದು ಬೇರೆಯವರಿಂದ ಕೇಳಿದ್ದೆ. ನಿವೃತ್ತಿಯ ದಿನ ಒಂದು ಬೀಳ್ಕೊಡುಗೆಯನ್ನೂ ಮಾಡಿರಲಿಲ್ಲವಂತೆ. ಹಾಗಾದರೆ ಇದು ಹಳೆಯ ಸೇಡೇ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ಯಾರೋ ಅದೇ ಪುಟದಲ್ಲಿ, ಗ್ರಂಥಾಲಯದ ಹಳೆಯ ಪುಸ್ತಕಗಳನ್ನು ಆಡಳಿತದವರು ಗೆದ್ದಲಿಗೆ ಬಿಟ್ಟರು ಎಂದು ಬರೆದರು. ನಾನು ಖುಷಿಯಿಂದ ಓದಿ ಹೇಳಿದೆ. ಅವರು ಪರದೆಯ ಹತ್ತಿರ ಬಗ್ಗಿ ತಾವೇ ಇನ್ನೊಮ್ಮೆ ಓದಿದರು.

"ತೆಗಿ."

"ಅದು ಸುಳ್ಳಾ ಸರ್?"

"ಸತ್ಯವೇ. ಆ ಪುಸ್ತಕಗಳನ್ನು ಬುಟ್ಟಿಯಲ್ಲಿ ಹೊತ್ತು ಹೊರಗೆ ಹಾಕಿದ್ದು ನಾನೇ. ಆದ್ರೆ ಎಲ್ಲಿ ಅಚ್ಚಾಗಿದೆ ಹೇಳು? ನಾನು ಕಣ್ಣಾರೆ ಕಂಡದ್ದು ಆಧಾರ ಅಲ್ಲ ಮಾರಾಯ್ತಿ. ಕಂಡದ್ದನ್ನೆಲ್ಲ ಬರೀಲಿಕ್ಕೆ ಹೊರಟ್ರೆ, ಕಾಣದ್ದನ್ನು ಬರೆಯುವವರನ್ನು ಬೇಡ ಅನ್ನುವುದು ಹೇಗೆ?"

ಅವತ್ತಿನಿಂದ ನನಗೆ ಅವರ ಮೇಲೆ ಒಂದು ಬಗೆಯ ಗೌರವ ಬಂತು. ಸ್ವಲ್ಪ ಸಿಟ್ಟೂ ಬಂತು. ಇಷ್ಟು ನೆಟ್ಟಗಿರುವವರ ಜೊತೆ ಸಂಸಾರ ಮಾಡುವ ಆ ಹೆಂಗಸಿನ ಗತಿ ಏನು ಎಂದು ಯೋಚಿಸಿದ್ದೆ.

ಇಂಥವರು ಒಂದೇ ಒಂದು ಸಲ ತಪ್ಪಿದರು. ತಪ್ಪಿದ್ದು ನಮ್ಮ ಮನೆಯ ವಿಷಯದಲ್ಲಿ.

ಒಂದು ಮಧ್ಯಾಹ್ನ ಬಂಟ್ವಾಳದಿಂದ ನನ್ನ ಉಮ್ಮ ಬಂದಿದ್ದಳು. ಮೂಲೆಯ ಕುರ್ಚಿಯಲ್ಲಿ ಕೂತು ನಾವು ಓದುವುದನ್ನು ಕೇಳುತ್ತಿದ್ದವಳು ಸಂಸ್ಥೆಯ ಹೆಸರು ಕಿವಿಗೆ ಬಿದ್ದದ್ದೇ ಎದ್ದುಬಂದಳು. "ಅದು ಶುರುವಾದದ್ದು ನಮ್ಮ ಮಾಳಿಗೆಯಲ್ಲಿ ಅಲ್ವಾ ಮಾಸ್ಟ್ರೇ?" ಎಂದಳು. ಪುಸ್ತಕ ಹಿಡಿದವರೆಲ್ಲ ಅವಳಿಗೆ ಮಾಸ್ಟ್ರುಗಳೇ. ಅವಳ ಬಾಪನಿಗೆ, ಎಂದರೆ ನನ್ನ ಅಜ್ಜನಿಗೆ, ಬಂಟ್ವಾಳ ಪೇಟೆಯಲ್ಲಿ ಒಣಮೀನಿನ ವ್ಯಾಪಾರವಿತ್ತು. ಸಂಸ್ಥೆಯನ್ನು ಕಟ್ಟಿದ ಮೇಷ್ಟ್ರು ಅಜ್ಜನ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಪಾಠ ಮಾಡುತ್ತಿದ್ದರಂತೆ. ಆಗ ಉಮ್ಮನಿಗೆ ಆರೇಳು ವರ್ಷ. ಹುಡುಗರು ಬಿಟ್ಟುಹೋದ ಚಪ್ಪಲಿಗಳನ್ನು ಸಾಲಾಗಿ ಜೋಡಿಸುವುದು ಅವಳ ಆಟ. "ಹನ್ನೊಂದು ಮೆಟ್ಟಿಲು. ಮೆಟ್ಟಿಲಿಗೆ ಎರಡು ಜೊತೆ" ಎಂದಳು. ಆ ಕತೆಯನ್ನು ನಾನು ಹಾಲು ಕುಡಿಯುವಾಗಿನಿಂದ ಕೇಳಿದ್ದೆ.

ಮುಂದಿನ ಭಾನುವಾರ ಅವರು ಬಂಟ್ವಾಳಕ್ಕೆ ಹೋಗಿ ಆ ಮೆಟ್ಟಿಲುಗಳನ್ನು ಎಣಿಸಿ ಬಂದರು. ಹನ್ನೊಂದೇ. ಉಮ್ಮ ಅವರಿಗೆ ಬೊಂಡ ಕೆತ್ತಿಸಿ ಎಳನೀರು ಕೊಟ್ಟಳಂತೆ. ಸೋಮವಾರ ನನ್ನಿಂದ ಬರೆಸಿದರು: ಸಂಸ್ಥೆಯ ಮೊದಲ ತರಗತಿಗಳು ಬಂಟ್ವಾಳ ಪೇಟೆಯ ವ್ಯಾಪಾರಿಯೊಬ್ಬರ ಅಂಗಡಿಯ ಮೇಲೆ, ಹನ್ನೊಂದು ಮೆಟ್ಟಿಲು ಹತ್ತಿ ಹೋಗುವ ಮಾಳಿಗೆಯಲ್ಲಿ ನಡೆದವು. ವ್ಯಾಪಾರಿಯ ಹೆಸರನ್ನೂ ಬರೆಸಿದರು. ಕೊನೆಗೆ ಕಂಸದಲ್ಲಿ "ಆಧಾರ ಬೇಕಾಗಿದೆ" ಎಂದು ಹಾಕಿಸಿದರು. ಬೇರೆಯವರ ವಾಕ್ಯವಾಗಿದ್ದರೆ ತೆಗೆಸುತ್ತಿದ್ದರು. ನನಗೆ ಗೊತ್ತಿತ್ತು, ನಾನು ಬಾಯಿ ಬಿಡಲಿಲ್ಲ. ಅಜ್ಜನ ಹೆಸರನ್ನು ಟೈಪು ಮಾಡಿ, ಅಕ್ಷರ ಸರಿಯಿದೆಯೇ ಎಂದು ಎರಡು ಸಲ ನೋಡಿದೆ.

ಮರುವರ್ಷ ಸಂಸ್ಥೆಯ ಉತ್ಸವ. ನಮ್ಮ ಜಿಲ್ಲೆಯಲ್ಲಿ ಯುವಕ ಮಂಡಲಕ್ಕೆ ಹತ್ತು ವರ್ಷ ತುಂಬಿದರೂ ಸ್ಮರಣ ಸಂಚಿಕೆ ಬರಬೇಕು, ನಾಲ್ಕು ಜನರಿಗೆ ಶಾಲು ಹೊದಿಸಬೇಕು. ಸಂಸ್ಥೆಯವರೂ ಅದನ್ನೇ ಮಾಡಿದರು. ನಾಲ್ವರಲ್ಲಿ ಒಬ್ಬಳು ನನ್ನ ಉಮ್ಮ! ವೇದಿಕೆಯ ಮೇಲೆ ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ. ಸಂಚಿಕೆಯಲ್ಲಿ ಅಜ್ಜನ ಹೆಸರು. ಸೌದಿಯ ದಮಾಮಿನಿಂದ ಮಾವ, ಉಮ್ಮನ ತಮ್ಮ, ಫೋನು ಮಾಡಿ ಅತ್ತ. ಹುಟ್ಟಿದಲ್ಲಿಂದ ಯಾರ ಎದುರೂ ಗಟ್ಟಿಯಾಗಿ ಮಾತಾಡದಿದ್ದ ಉಮ್ಮ, ಮೈಕಿನಲ್ಲಿ ಬಾಪನ ಹೆಸರು ಹೇಳಿ ಕೂತಿದ್ದಳು.

ನಾನು ಸಂಚಿಕೆಯನ್ನು ಹಿಡಿದು ಅವರ ಮುಂದಿಟ್ಟೆ. "ತಗೊಳ್ಳಿ ಸರ್, ನಿಮ್ಮ ಆಧಾರ."

ಅವರ ಮುಖವೂ ಅರಳಿತು. ಕಾರ್ಡು ತೆಗೆದು ಪುಟದ ಸಂಖ್ಯೆ ಬರೆಯಲು ಹೊರಟವರು ವಾಕ್ಯದ ಮೇಲೆ ಬೆರಳಿಟ್ಟು ಹಾಗೇ ನಿಂತರು.

"ಹನ್ನೊಂದು ಮೆಟ್ಟಿಲು ಅಂತ ಇವರಿಗೆ ಯಾರು ಹೇಳಿದ್ದು?"

ಅದನ್ನು ಎಣಿಸಿದವರು ಇಬ್ಬರೇ, ಒಬ್ಬರು ಉಮ್ಮ, ಇನ್ನೊಬ್ಬರು ಅವರು. ಸಂಚಿಕೆಯವರು ನಮ್ಮ ಪುಟದಿಂದ ವಾಕ್ಯವನ್ನು ಇಡಿಯಾಗಿ ಎತ್ತಿಕೊಂಡಿದ್ದರು. ಕಂಸದಲ್ಲಿದ್ದ ಎರಡು ಶಬ್ದಗಳನ್ನು ಮಾತ್ರ ಬಿಟ್ಟಿದ್ದರು.

"ನಮ್ಮ ಬಾವಿಯಿಂದ ಕೊಡಪಾನ ತುಂಬಿಸಿ, ಅದೇ ಬಾವಿಗೆ ಸುರಿದು, ಮಳೆ ಬಂತು ಅಂತ ಹೇಳುವುದಾ?" ಎಂದರು. ಕಾರ್ಡನ್ನು ಜೇಬಿಗೆ ಸೇರಿಸಿದರು. "ನಾಳೆ ಮೂಡುಬಿದಿರೆಗೆ ಹೋಗುವ. ಮೊದಲ ತಂಡದ ವಿದ್ಯಾರ್ಥಿ ಒಬ್ಬರು ಇದ್ದಾರೆ ಅಲ್ಲಿ."

ಅಂಗಡಿಗೆ ಬೀಗ ಹಾಕಿ ಹೋದೆ. ಬಸದಿಯ ಹತ್ತಿರದ ಒಂದು ಮನೆಯಲ್ಲಿ ಎಂಬತ್ತರ ಸಮೀಪದ ಹಿರಿಯರು ಜಗಲಿಯಲ್ಲಿ ಕೂತಿದ್ದರು. ವಿಷಯ ಕೇಳಿ ನಗಲಿಕ್ಕೆ ಶುರುಮಾಡಿದರು.

"ಬಂಟ್ವಾಳದ ಮಾಳಿಗೆಯಾ? ಅಲ್ಲಿಗೂ ನಾನು ಹೋಗಿದ್ದೇನೆ. ಅದು ಕಾಲೇಜಿಗಿಂತ ಒಂದು ವರ್ಷ ಮುಂಚೆ. ಫೇಲಾದವರ ಟ್ಯೂಶನ್ ಅದು! ಮೇಷ್ಟ್ರು ನಮ್ಮನ್ನು ಪಾಸು ಮಾಡಿಸಿದ ಮೇಲೆಯೇ ಕಾಲೇಜಿನ ಯೋಚನೆ ಮಾಡಿದ್ದು." ಒಳಗಿನಿಂದ ಒಂದು ಆಮಂತ್ರಣ ಪತ್ರಿಕೆ ತರಿಸಿದರು. ಕಾಲೇಜಿನ ಮೊದಲ ತರಗತಿಯ ಉದ್ಘಾಟನೆ. ಸ್ಥಳ: ಒಂದು ಪ್ರಾಥಮಿಕ ಶಾಲೆಯ ಹಿಂದಿನ ಚಪ್ಪರ. ಬಂಟ್ವಾಳದ ಸುದ್ದಿಯೇ ಇಲ್ಲ.

ಹಿಂದಿರುಗಿ ಬರುವಾಗ ನಾನು ಬೇಡಿಕೊಂಡೆ. "ಸರ್, ಸಂಚಿಕೆಯಲ್ಲಿ ಅಚ್ಚಾಗಿದೆ. ನಿಮ್ಮ ನಿಯಮದ ಪ್ರಕಾರವೇ ಅದು ಆಧಾರ. ನಾವು ಸುಮ್ಮನಿದ್ರೆ ಯಾರಿಗೂ ಗೊತ್ತಾಗುವುದಿಲ್ಲ. ಉಮ್ಮನಿಗೆ ಇದನ್ನು ತಡಕೊಳ್ಳಲಿಕ್ಕಾಗುವುದಿಲ್ಲ."

"ನನಗೂ ಬೇಜಾರುಂಟು. ಅಮ್ಮನಿಗೆ ನಾನೇ ಹೋಗಿ ಹೇಳ್ತೇನೆ. ಪುಟದಲ್ಲಿ ತೆಗೆಯುವ ಮೊದಲು ಹೇಳ್ಬೇಕು" ಎಂದರು.

ಬಂಟ್ವಾಳದ ಮನೆಯ ಚಾವಡಿಯಲ್ಲಿ ಸಂಚಿಕೆ ಮೇಜಿನ ಮೇಲೆಯೇ ಇತ್ತು. ಬಂದವರಿಗೆಲ್ಲ ತೋರಿಸಿ ತೋರಿಸಿ ಅದರ ಮೂಲೆಗಳು ಮಡಚಿಹೋಗಿದ್ದವು. ಅವರು ಕೂರಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದರು.

"ಹಾಗಾದ್ರೆ ನಾನು ಸುಳ್ಳು ಹೇಳಿದ್ದಾ ಮಾಸ್ಟ್ರೇ? ಆ ಮಕ್ಕಳು ಬಂದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗೆ ಉಂಟು" ಎಂದಳು ಉಮ್ಮ.

"ನೀವು ಹೇಳಿದ್ದು ಸತ್ಯ ಅಮ್ಮ. ಮಕ್ಕಳು ಬಂದದ್ದು ಸತ್ಯ, ನಿಮ್ಮ ಬಾಪ ಜಾಗ ಕೊಟ್ಟದ್ದು ಸತ್ಯ. ಅದು ಕಾಲೇಜಾ ಅಂತ ವಿಚಾರಿಸುವುದು ನನ್ನ ಕೆಲಸ. ನಾನು ಮಾಡಲಿಲ್ಲ."

ಉಮ್ಮ ಸಂಚಿಕೆಯ ಮಡಚಿದ ಮೂಲೆಯನ್ನು ನೇರ ಮಾಡುತ್ತಾ ಕೇಳಿದಳು: "ಶಾಲು ವಾಪಸು ಕೊಡ್ಬೇಕಾ?"

ಅವರ ಕಣ್ಣು ತುಂಬಿತ್ತು. "ಶಾಲು ನಿಮ್ಮ ಹತ್ರವೇ ಇರ್ಲಿ. ನನ್ನ ವಾಕ್ಯ ಮಾತ್ರ ನನಗೆ ವಾಪಸು ಬೇಕು" ಎಂದರು.

ಉಮ್ಮ ಎದ್ದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಆ ದಿನ ಅವರಿಗೆ ಒಂದು ಲೋಟ ನೀರನ್ನೂ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ವಾಕ್ಯ ತೆಗೆದದ್ದೇನೋ ಆಯಿತು, ಅದು ಹೋಗಬೇಕಲ್ಲ! ಮರುದಿನವೇ ಸಂಸ್ಥೆಯ ಅಭಿಮಾನಿ ಯಾರೋ ಅದನ್ನು ಮರಳಿ ಹಾಕಿದರು, ಸಂಚಿಕೆಯ ಪುಟಸಂಖ್ಯೆಯ ಸಮೇತ. ಇವರು ತೆಗೆಸಿದರು. ಅವರು ಹಾಕಿದರು. ಅಚ್ಚಾದ ಆಧಾರ ಇರುವಾಗ ನೀವು ಯಾರು ತೆಗೆಯಲಿಕ್ಕೆ ಎಂದು ಕೇಳಿದರು. ತೆಗೆಯುವವರು ಯಾರೆಂದು ಊಹಿಸಿ, ಹಳೆಯ ಲೈಬ್ರೇರಿಯನ್ನಿನ ಹೊಟ್ಟೆಕಿಚ್ಚು ಎಂದೂ ಬರೆದರು. ಕೊನೆಗೆ ಪುಟದ ಹಿಂದಿರುವ ಚರ್ಚೆಯ ಜಾಗದಲ್ಲಿ ಇವರು ನನ್ನಿಂದ ಹೀಗೆ ಬರೆಸಿದರು: "ಈ ವಾಕ್ಯ ಬರೆದವನು ನಾನು. ಆಧಾರವಿಲ್ಲದೆ, ವ್ಯಾಪಾರಿಯ ಮನೆಯವರ ಮೇಲಿನ ವಿಶ್ವಾಸದಿಂದ ಬರೆದೆ. ಸಂಚಿಕೆ ಅದನ್ನು ನನ್ನಿಂದಲೇ ಪಡೆದಿದೆ. ತಪ್ಪು ನನ್ನದು, ಆ ಮನೆಯವರದ್ದಲ್ಲ." ಕೆಳಗೆ ಆಮಂತ್ರಣ ಪತ್ರಿಕೆಯ ವಿವರ ಕೊಟ್ಟು, ತಮ್ಮ ಪೂರ್ತಿ ಹೆಸರು ಹಾಕಿಸಿದರು. ಅಲ್ಲಿ ಯಾರೂ ಪೂರ್ತಿ ಹೆಸರು ಹಾಕುವುದಿಲ್ಲ. ನಾಲ್ಕು ದಿನಗಳ ಮೇಲೆ ಆ ವಾಕ್ಯ ಪುಟದಿಂದ ಪೂರ್ತಿಯಾಗಿ ಹೋಯಿತು.

ಉಮ್ಮ ಆಮೇಲೆ ನನ್ನ ಅಂಗಡಿಗೆ ಕಾಲಿಡಲಿಲ್ಲ. ಫೋನಿನಲ್ಲಿ ಎಲ್ಲರನ್ನೂ ವಿಚಾರಿಸುವಳು, ಅವರನ್ನು ಮಾತ್ರ ವಿಚಾರಿಸುತ್ತಿರಲಿಲ್ಲ. ಅವರು ಎರಡು ವರ್ಷ ಹಾಗೆಯೇ ದಿನಾ ಬಂದರು. ಒಂದು ವಾರ ಬರಲಿಲ್ಲ. ಎರಡನೇ ವಾರ ತೀರಿಕೊಂಡ ಸುದ್ದಿ ಬಂತು. ಹೃದಯದ ತೊಂದರೆ ಇತ್ತಂತೆ, ನನ್ನ ಹತ್ತಿರ ಒಂದು ಮಾತು ಹೇಳಿರಲಿಲ್ಲ.

ಫೋನಿನಲ್ಲಿ ಉಮ್ಮನಿಗೆ ತಿಳಿಸಿದೆ. "ನಾನೂ ಬರ್ತೇನೆ" ಎಂದಳು.

ಲಾಯಿಲದ ಮನೆಯಲ್ಲಿ ಅವರ ಹೆಂಡತಿ ಉಮ್ಮನ ಕೈಗೆ ಒಂದು ಕಾರ್ಡು ಕೊಟ್ಟರು. "ಇದು ನಿಮ್ಮದಿರ್ಬೇಕು. ಇದನ್ನು ಹಿಡ್ಕೊಂಡು ಊರೆಲ್ಲ ಸುತ್ತಿದ್ದಾರೆ" ಎಂದರು. ಮೇಲೆ ಅಜ್ಜನ ಹೆಸರು. ಅದರ ಕೆಳಗೆ, ಆ ಟ್ಯೂಶನಿನ ಬಗ್ಗೆ ಎಲ್ಲಿಯಾದರೂ ಒಂದು ಸಾಲು ಅಚ್ಚಾಗಿದೆಯೇ ಎಂದು ಅವರು ಹುಡುಕಿದ ಜಾಗಗಳು: ಹಳೆಯ ಪತ್ರಿಕೆಗಳು, ಶಾಲೆಯ ವರದಿಗಳು, ಮೇಷ್ಟ್ರ ಮಗಳ ಮನೆ. ಪ್ರತಿಯೊಂದರ ಮುಂದೆ ಪೆನ್ಸಿಲಿನಲ್ಲಿ "ಇಲ್ಲ" ಎಂದು ಬರೆದಿತ್ತು. ಕೊನೆಯ ಜಾಗದ ಮುಂದೆ ಮಾತ್ರ ಏನನ್ನೂ ಬರೆದಿರಲಿಲ್ಲ. ಉಮ್ಮ ಐದನೇ ಕ್ಲಾಸಿನವರೆಗೆ ಓದಿದವಳು. ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಓದಿದಳು.

ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದೆವು.

"ಆ ಪುಟದಲ್ಲಿ ಅವರ ಹೆಸರು ಉಂಟಾ?" ಎಂದು ಕೇಳಿದಳು.

"ಇಲ್ಲ."

"ಇಷ್ಟು ವರ್ಷ ಅದಕ್ಕಾಗಿ ದುಡಿದವರದ್ದು ಇಲ್ವಾ? ಹಾಕು ನೀನು."

ಹಾಕಿದೆ. ಇಪ್ಪತ್ತೆಂಟು ವರ್ಷ ಗ್ರಂಥಪಾಲಕರಾಗಿದ್ದರು, ಸತ್ಯವಂತರಾಗಿದ್ದರು, ಅವರಂಥವರು ಇನ್ನೊಬ್ಬರಿಲ್ಲ ಎಂದು ಬರೆದೆ. ಬರೆಯುವಾಗ ಅತ್ತೆ. ಉಮ್ಮನಿಗೆ ಓದಿ ಹೇಳಿದೆ. ಅವಳು ಪರದೆಯ ಮೇಲೆ ಆ ಸಾಲಿಗೆ ಬೆರಳಿಟ್ಟಳು.

"ಇದು ಎಲ್ಲಿಯಾದ್ರೂ ಅಚ್ಚಾಗಿದೆಯಾ?"

"ಇಲ್ಲ ಉಮ್ಮ. ನಮಗೆ ಗೊತ್ತಿರುವುದು, ಅಷ್ಟೇ."

"ಹಾಗಾದ್ರೆ ತೆಗಿ ಮಗಳೇ" ಎಂದಳು. "ಅವರಿಗೆ ಬೇಜಾರಾಗ್ತದೆ."