ಮಸಿ ಕಾರದ ಎಂಜಿನ್ನು

ಮೊನ್ನೆ ರೈಲಿನ ಕರೆಂಟ್ ಲೈನಿನ ಕೆಲಸ ನಡೆದಿತ್ತೇನೋ, ನಮ್ಮ ಹಿತ್ತಲಾಚೆಯ ಹಳಿಯ ಮೇಲೆ ಬಹಳ ದಿನಕ್ಕೆ ಒಂದು ಡೀಸೆಲ್ ಎಂಜಿನ್ ಬಂದು ನಿಂತಿತು. ಸುಟ್ಟ ಎಣ್ಣೆಯ ವಾಸನೆ ಅಡುಗೆಮನೆಯವರೆಗೂ ಬಂತು. ಒಗ್ಗರಣೆ ಹಾಕುತ್ತಿದ್ದವಳಿಗೆ ಎದುರು ಮನೆಯ ಡ್ರೈವರ್ ಮಾವ ನೆನಪಾಗಿ ಮೈಯೆಲ್ಲ ಉರಿಯಿತು...

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಎಲ್ಲರದೂ ಮಗ್ಗದ ಮನೆ. ಗೂಡ್ಸ್ ಗಾಡಿ ಓಡಿಸುತ್ತಿದ್ದವರು ಅವರೊಬ್ಬರೇ. ನಮ್ಮ ಜಗಲಿಯಲ್ಲಿ ಕೂತು ಅಪ್ಪನಿಗೆ ಎಂಜಿನ್ ಪುರಾಣ ಹೇಳುವುದೆಂದರೆ ಅವರಿಗೆ ಊಟವೂ ಬೇಡ.

"ಒಂದೇ ಏಟಿಗೆ ಸ್ಪೀಡ್ ಹಿಡಿ ಪೂರ್ತಿ ಎಳೆದ್ಬಿಟ್ರೆ ಎಣ್ಣೆ ಜಾಸ್ತಿ ಆಗತ್ತೆ, ಗಾಳಿ ಸಾಕಾಗಲ್ಲ. ಕರ್ರಗೆ ಮಸಿ ಕಾರತ್ತೆ," ಎಂದು ಅವರೇ ಹೇಳಿದ್ದರು. ಹಾಗಾಗಿ ಮುಂದೆ ನಡೆದದ್ದು ಆಕಸ್ಮಿಕ ಎಂದು ಯಾರು ಹೇಳಿದರೂ ನಾನು ನಂಬುವುದಿಲ್ಲ.

ಅವರು ತಮ್ಮ ಮಗನಿಗೆ ನನ್ನನ್ನು ಕೇಳಿದರು. ಮಗ್ಗ ಗೊತ್ತಿರುವವನಿಗೇ ಕೊಡುವುದೆಂದು ಅಪ್ಪ ಮುಖದ ಮೇಲೆ ಹೇಳಿಬಿಟ್ಟರು. ಬೇರೆ ಕಡೆ ಮದುವೆ ಗೊತ್ತಾಯಿತು. ನನ್ನ ಧಾರೆ ಸೀರೆ ನಮ್ಮ ಮಗ್ಗದಲ್ಲೇ ಆಗಬೇಕೆಂದು ಅಮ್ಮ ರೇಷ್ಮೆ ನೂಲಿನ ಲಡಿಗಳನ್ನು ಬೇಯಿಸಿ, ತೊಳೆದು, ಹಿತ್ತಲಿನ ಗಳಕ್ಕೆ ಒಣಹಾಕಿದ್ದಳು. ಹಾಲಿನಂಥ ಬಿಳುಪು. ಸಿಗ್ನಲ್ಲಿಗಾಗಿ ನಿಂತಿದ್ದ ಗೂಡ್ಸ್‌ನ ಕಿಟಕಿಯಲ್ಲಿ ಡ್ರೈವರ್ ಮಾವನ ಮುಖ ಕಂಡಿತು. ಲಡಿಗಳನ್ನು ನೋಡಿದರು, ನನ್ನನ್ನೂ ನೋಡಿದರು. ಮರುಗಳಿಗೆಯಲ್ಲಿ ಎಂಜಿನ್ ಅಬ್ಬರಿಸಿತು, ಹಿತ್ತಲೆಲ್ಲ ಕಪ್ಪು ಹೊಗೆ.

ಎಷ್ಟು ಸೋಪು ಹಾಕಿ ಕುದಿಸಿದರೂ ನೂಲು ಬೂದುಬಣ್ಣ ಬಿಡಲಿಲ್ಲ. ಕೊನೆಗೆ ಕಡುನೇರಳೆ ಬಣ್ಣ ಹಾಕಿ ನೇಯ್ದರು. ಧಾರೆಗೆ ಅದನ್ನೇ ಉಟ್ಟು ನಿಂತೆ. ಪುಣ್ಯಾತ್ಮರು ಮದುವೆಗೂ ಬಂದರು. ಹೊಟ್ಟೆ ತುಂಬ ಉಂಡು, "ಏನಮ್ಮಾ, ಧಾರೆ ಸೀರೆ ಯಾಕಿಷ್ಟು ಕಪ್ಪು?" ಎಂದರು. ನಾನು ಅಳಲಿಲ್ಲ. ಒಂದು ದಿನ ಇವರ ಮುಖವೂ ಹೀಗೆ ಕಪ್ಪಾಗುವುದನ್ನು ನೋಡಿಯೇ ನೋಡುತ್ತೇನೆಂದು ಹಲ್ಲು ಕಚ್ಚಿದೆ.

ಗಂಡ ಮನೆ ಅಳಿಯನಾಗಿ ಬಂದಿದ್ದರಿಂದ ನಾನು ಅಲ್ಲೇ ಉಳಿದೆ. ಡ್ರೈವರ್ ಮಾವನ ಮಸಿ ಕಾಟವೂ ಉಳಿಯಿತು. ವರ್ಷಗಟ್ಟಲೆ ಬಿಳಿ ನೂಲನ್ನು ಕತ್ತಲೆ ಕೋಣೆಯಲ್ಲಿ ಒಣಗಿಸಿದೆವು.

ಆಮೇಲೆ ಹೊಸ ಎಂಜಿನ್‌ಗಳು ಬಂದವು. ಹಿಂದೆ ಎರಡು ಎಂಜಿನ್ ಸೇರಿ, ಚಕ್ರ ಜಾರಿಸಿಕೊಂಡು, ಏದುಸಿರು ಬಿಡುತ್ತಾ ಎಳೆಯುತ್ತಿದ್ದಷ್ಟು ಉದ್ದದ ಗಾಡಿಯನ್ನು ಹೊಸದು ಒಂದೇ ಎಳೆದುಕೊಂಡು ಹೋಗುತ್ತಿತ್ತು. ಹೊಗೆಯೂ ಅಷ್ಟಕ್ಕಷ್ಟೆ. ಅದನ್ನು ಗಮನಿಸಿದ ಮೇಲೆ, ಮನೆಯಲ್ಲಿದ್ದ ಬಿಳಿ ಲಡಿಗಳನ್ನೆಲ್ಲ ಗಳಕ್ಕೆ ಹಾಕಿ ಕಾದೆ. ಬಂದರು. ಗಾಡಿ ನಿಂತಿತು. ಸಿಗ್ನಲ್ ಬೀಳುತ್ತಲೇ ಅವರ ತೋಳು ಜಗ್ಗಿದ್ದು ಕಿಟಕಿಯಲ್ಲಿ ಕಂಡಿತು. ಎಂಜಿನ್ ಗುಂಯ್ ಎಂದು ನಿಧಾನಕ್ಕೆ ದನಿ ಏರಿಸಿತು, ಅಷ್ಟೆ. ಲಡಿಯ ಮೇಲೆ ಒಂದು ಚುಕ್ಕೆ ಬೀಳಲಿಲ್ಲ. ನಾನು ಚಪ್ಪಾಳೆ ತಟ್ಟಿದೆ.

ಸಂಜೆ ಅವರು ಬರುವುದನ್ನೇ ಕಾದು ಬಾಗಿಲಲ್ಲಿ ನಿಂತು ಕೇಳಿದೆ. "ಏನ್ ಮಾವಾ, ಎಂಜಿನ್ನಿಗೆ ಹುಷಾರಿಲ್ವಾ? ಹೊಗೇನೇ ಬರ್ಲಿಲ್ಲ?"

"ಅದು ನನ್ನ ಕೈ ಮಾತು ಕೇಳಲ್ಲ ಕಣಮ್ಮ," ಎಂದರು ತಲೆ ಎತ್ತದೆ. "ಕಂಪ್ಯೂಟರ್ ಕೊಟ್ಟಷ್ಟೇ ಎಣ್ಣೆ ಕುಡಿಯತ್ತೆ."

ಆ ರಾತ್ರಿ ಚೆನ್ನಾಗಿ ಉಂಡೆ. ಅವರು ರಿಟೈರ್ ಆಗುವವರೆಗೂ ಅವರ ಡ್ಯೂಟಿ ತಿಳಿದುಕೊಂಡು ಬಿಳಿ ನೂಲು ಒಣಹಾಕಿದೆ...

ಅವರು ತೀರಿಕೊಂಡು ಎರಡು ವರ್ಷವಾಯಿತು. ಈಗ ಹಳಿಯ ಮೇಲೆ ಕರೆಂಟ್ ಎಂಜಿನ್‌ಗಳದೇ ಓಡಾಟ. ನೂಲು ಎಷ್ಟು ಬೆಳ್ಳಗೆ ಒಣಗಿದರೂ ಕಿಟಕಿಯಿಂದ ಯಾರೂ ನೋಡುವುದಿಲ್ಲ. ಹಿತ್ತಲು ಖಾಲಿ ಖಾಲಿ ಅನಿಸುತ್ತದೆ. ಕ್ಷಮಿಸಿದ್ದೇನೆಂದು ಯಾರೂ ತಿಳಿಯಬೇಡಿ. ಅವರು ಇನ್ನೊಂದಷ್ಟು ವರ್ಷ ಬದುಕಿದ್ದು ಉರಿದುಕೊಳ್ಳಬೇಕಿತ್ತು.