ಸುಗ್ರಾ ಬೇಗಂ ನಂಬಿದ ಅಂಕಿ

ಸುಗ್ರಾ ಬೇಗಂ ಯಾರನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ. ವಿರೂಪಣ್ಣ ಸಾವುಕಾರರ ಮಾನ್ವಿಯ ರೈಸ್ ಮಿಲ್ಲಿಗೆ ಇಪ್ಪತ್ತನೇ ವಯಸ್ಸಿನಲ್ಲಿ ಲಾರಿ ತೂಗುವ ಕೆಲಸಕ್ಕೆ ಸೇರಿದವಳು. ಮೊದಲ ವರ್ಷವೇ ಒಬ್ಬ ಡ್ರೈವರ್ ನಾಲ್ವರನ್ನು ತಾಡಪತ್ರಿಯ ಕೆಳಗೆ ಮಲಗಿಸಿಕೊಂಡು ಬಂದು, ಅವರ ಮೈತೂಕವನ್ನೂ ಭತ್ತದ ತೂಕಕ್ಕೆ ಸೇರಿಸಿ ಹೋಗಿಬಿಟ್ಟಿದ್ದ. ಅಂದಿನಿಂದ ಆಕೆ ಲಾರಿ ಹತ್ತಿ ತಾಡಪತ್ರಿ ಎತ್ತಿ ನೋಡದೆ ಚೀಟಿ ಬರೆದವಳಲ್ಲ. ಹಾಲಿನವನ ಮುಂದೆ ತನ್ನದೇ ಲೋಟದಲ್ಲಿ ಮತ್ತೊಮ್ಮೆ ಅಳೆಯುತ್ತಿದ್ದಳು. ಮದುವೆಗೆ ಬಂದ ವರನ ಕಡೆಯವರ ಬಗ್ಗೆ ಮೂರು ಊರಲ್ಲಿ ವಿಚಾರಿಸಿದಳು. ಕೊನೆಗೆ ಮದುವೆಯೇ ಬೇಡವೆಂದಳು.

ಈಗ ಆಕೆಗೆ ಐವತ್ತೆರಡು. ರಾಯಚೂರಿನ ಆಫೀಸಿನಲ್ಲಿ ಕೂತು ಮಾನ್ವಿ, ದೇವದುರ್ಗ ಎರಡೂ ಮಿಲ್ಲುಗಳ ಭತ್ತ-ಅಕ್ಕಿಯ ಲೆಕ್ಕ ನೋಡುತ್ತಾಳೆ. ಕಳೆದ ವರ್ಷ ಸಾವುಕಾರರು ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಹಾಕಿಸಿದರು. ಅದನ್ನು ಕೂಡಿಸಿ ಕೊಟ್ಟವನು ಬಸವಪ್ರಸಾದ ಎಂಬ ಯುವಕ. ಬಂದ ಭತ್ತ, ಆದ ಅಕ್ಕಿ ಎರಡನ್ನೂ ತುಂಬಿದರೆ ಸಾಕು, ನೂರು ಕೆಜಿ ಭತ್ತಕ್ಕೆ ಎಷ್ಟು ಅಕ್ಕಿ ಇಳಿಯಿತು ಎಂದು, ಒಂದೊಂದು ಥರದ ಭತ್ತಕ್ಕೆ ಒಂದೊಂದು ಸಾಲು, ಕೊನೆಗೆ ಒಟ್ಟು ಸಾಲು ಇರುವ ಮಿಲ್ಲುವಾರು ಪಟ್ಟಿ ಸಾವುಕಾರರ ಮೊಬೈಲಿಗೇ ಹೋಗುತ್ತಿತ್ತು.

ಡಿಸೆಂಬರಿನ ಒಂದು ಬೆಳಿಗ್ಗೆ ಸಾವುಕಾರರು ಮೊಬೈಲನ್ನು ಆಕೆಯ ಮೇಜಿನ ಮೇಲೆ ಇಟ್ಟರು.

"ನೋಡ್ರಿ ಸುಗ್ರಮ್ಮ. ಮಾನ್ವಿ ಅರವತ್ತಾರು. ದೇವದುರ್ಗ ಅರವತ್ತೊಂದು. ಎರಡೂ ಕಡಿ ಸಾವಿರ ಕ್ವಿಂಟಲ್ ನೆಲ್ಲು ಹೋಗ್ಯದ. ಐವತ್ತು ಕ್ವಿಂಟಲ್ ಅಕ್ಕಿ ಎಲ್ಲಿಗಿ ಹೋತು?"

ಮೊಬೈಲಿನಲ್ಲಿ ದೇವದುರ್ಗದ ಒಟ್ಟು ಸಾಲು ಕೆಂಪಗೆ ಕಾಣುತ್ತಿತ್ತು. ಅಲ್ಲಿನ ಮಿಲ್ಲು ನೋಡಿಕೊಳ್ಳುವವನು ಮಾರೆಪ್ಪ. ಹಮಾಲಿಯಾಗಿ ಸೇರಿ ಇಪ್ಪತ್ತೆರಡು ವರ್ಷದಲ್ಲಿ ಗೋದಾಮಿನ ಕೀಲಿಕೈವರೆಗೆ ಬಂದವನು.

"ಕೀಲಿ ಇಸ್ಕೊಂಡೀನಿ. ಮನ್ಯಾಗ ಕುಂದ್ರಂತ ಹೇಳೀನಿ. ನೀವು ಹೋಗಿ ನೋಡ್ಕೊಂಡು ಬರ್ರಿ," ಎಂದರು ಸಾವುಕಾರರು.

ಸುಗ್ರಾ ಬೇಗಂ ಬಸ್ಸಿನಲ್ಲಿ ಕೂತಾಗ ಮನಸ್ಸು ಮಾರೆಪ್ಪನ ಸುತ್ತಲೇ ತಿರುಗುತ್ತಿತ್ತು. ಹೋದ ವರ್ಷ ಅವನು ಮನೆಗೆ ಹೊಸ ಚಾವಣಿ ಹಾಕಿಸಿದ್ದ. ಫೋನ್ ಮಾಡಿದರೆ ಒಂದೇ ಸಲಕ್ಕೆ ಎತ್ತುತ್ತಿರಲಿಲ್ಲ. ಮೊದಲು ಸಹಜವೆನಿಸಿದ್ದೆಲ್ಲ ಈಗ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳತೊಡಗಿದವು. ಮನುಷ್ಯನಾದರೆ ಹಗೆ ಸಾಧಿಸಿಯಾನು, ಕಂಪ್ಯೂಟರಿಗೆ ಮಾರೆಪ್ಪನ ಮೇಲೆ ಏನು ಹಗೆ? ಅದು ಸುಳ್ಳು ಹೇಳುವುದಿಲ್ಲ ಎಂದುಕೊಂಡಳು.

ಮಿಲ್ಲಿನ ಗೇಟಿನಲ್ಲೇ ಆಕೆಗೆ ಬೇಕಾದದ್ದು ಸಿಕ್ಕಂತಾಯಿತು. ಕಸ ಗುಡಿಸುವ ಕೆಲಸದ ಅಯ್ಯಮ್ಮ, ಮಾರೆಪ್ಪನ ಹೆಂಡತಿ, ತಲೆಯ ಮೇಲೆ ಚೀಲ ಹೊತ್ತು ಹೊರಗೆ ಬರುತ್ತಿದ್ದಳು.

"ನಿಂದ್ರು. ಚೀಲ ಇಳಿಸು."

ಅಯ್ಯಮ್ಮ ಇಳಿಸಿದಳು. ಸುಗ್ರಾ ಬೇಗಂ ಚೀಲದ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ಹಾಕಿದಳು. ಬರೀ ಹೊಟ್ಟು. ಒಲೆಗೆ ಹಾಕುವ ಹೊಟ್ಟು. ಹಮಾಲರು ಕೆಲಸ ಬಿಟ್ಟು ನೋಡುತ್ತಿದ್ದರು.

"ಒಲಿಗಿ ಒಯ್ಯಾಕತ್ತಿದ್ನಿರೀ ಯವ್ವಾ," ಎಂದಷ್ಟೇ ಹೇಳಿ ಅಯ್ಯಮ್ಮ ಚೆಲ್ಲಿದ್ದನ್ನು ಬಳಿದುಕೊಂಡಳು.

ಸುಗ್ರಾ ಬೇಗಂ ಕೈಗೆ ಅಂಟಿದ ಹೊಟ್ಟು ಕೊಡವಿಕೊಂಡಳು. ಆದರೂ ಅನುಮಾನ ಇಳಿಯಲಿಲ್ಲ. ಗೋದಾಮು ತೆಗೆಸಿ, ಮುಂದಿನ ಚೀಲಗಳ ಸಾಲಿನ ಹಿಂದೆ ಟೊಳ್ಳು ಬಿಟ್ಟಿದ್ದಾರೇನೋ ಎಂದು, ಪೇರಿಸಿದ ಅಟ್ಟಿಯ ಮೇಲೆ ಹತ್ತಿ ಚೀಲ ಎಣಿಸಿದಳು. ಹೊರಗೆ ಹೋದ ಲಾರಿಗಳ ಚೀಟಿ ಒಂದೊಂದೂ ತಿರುವಿದಳು. ಇದ್ದದ್ದು, ಹೋದದ್ದು ಎರಡೂ ಕೂಡಿದರೆ ಆರುನೂರ ಐವತ್ತೆಂಟು ಕ್ವಿಂಟಲ್. ರಿಜಿಸ್ಟರಿನಲ್ಲೂ ಅಷ್ಟೇ. ಎರಡನೇ ಸಲ ಎಣಿಸಿದರೂ ಅಷ್ಟೇ.

ಸಾವಿರಕ್ಕೆ ಆರುನೂರ ಐವತ್ತೆಂಟು ಎಂದರೆ ನೂರಕ್ಕೆ ಅರವತ್ತೈದು ಮುಕ್ಕಾಲು ಚಿಲ್ಲರೆ. ಹಾಗಾದರೆ ಅರವತ್ತೊಂದು ಎಲ್ಲಿಂದ ಬಂತು?

ಮಾರೆಪ್ಪನ ರಿಜಿಸ್ಟರನ್ನು ಎದುರಿಗಿಟ್ಟುಕೊಂಡು ಕೂತಳು. ಒಂಬೈನೂರು ಕ್ವಿಂಟಲ್ ಒಳ್ಳೆಯ ಭತ್ತ. ನೂರಕ್ಕೆ ಅರವತ್ತೇಳು ಇಳಿದಿತ್ತು. ಜಾಲಹಳ್ಳಿ ಕಡೆಯಿಂದ ಬಂದ ನೂರು ಕ್ವಿಂಟಲ್ ಮಳೆಗೆ ನೆಂದು ಮುಗ್ಗಿದ್ದು, ಐವತ್ತೈದೇ ಇಳಿದಿತ್ತು. ಅರವತ್ತೇಳು, ಐವತ್ತೈದು. ಕೂಡಿಸಿ ಎರಡರಿಂದ ಭಾಗಿಸಿದಳು. ಅರವತ್ತೊಂದು.

ಪೆನ್ನು ಕೆಳಗಿಟ್ಟಳು. ಒಂಬೈನೂರು ಕ್ವಿಂಟಲಿಗೂ ನೂರು ಕ್ವಿಂಟಲಿಗೂ ಕಂಪ್ಯೂಟರು ಒಂದೇ ಮರ್ಯಾದೆ ಕೊಟ್ಟಿತ್ತು. ಮಾನ್ವಿಯಲ್ಲಿ ಬಂದ ಎರಡು ಥರದ ಭತ್ತವೂ ಒಳ್ಳೆಯದೇ, ಅದೂ ಐನೂರು ಐನೂರು ಕ್ವಿಂಟಲ್ ಸಮವಾಗಿ ಇದ್ದುದರಿಂದ ಅಲ್ಲಿ ತಪ್ಪು ಕಾಣಿಸಿರಲಿಲ್ಲ. ಮೂವತ್ತೆರಡು ವರ್ಷ ಎಲ್ಲರ ತಾಡಪತ್ರಿ ಎತ್ತಿ ನೋಡಿದವಳು ಇದೊಂದನ್ನು ಎತ್ತಿ ನೋಡಿರಲಿಲ್ಲ.

ಮರುದಿನ ಬಸವಪ್ರಸಾದನನ್ನು ಆಫೀಸಿಗೆ ಕರೆಸಿದಳು.

"ಟೋಟಲ್ ಸಾಲಿನ್ಯಾಗ ನೀ ಏನು ಮಾಡಿದಿ?"

"ಮ್ಯಾಲಿನ ಪರ್ಸೆಂಟೇಜಿನ ಸರಾಸರಿ ತಗೊಂತದ್ರೀ ಆಪಾ."

"ಹಂಗ್ಯಾಕ? ಮೊದಲು ಅಕ್ಕಿ ಎಲ್ಲಾ ಕೂಡಿಸು, ನೆಲ್ಲು ಎಲ್ಲಾ ಕೂಡಿಸು. ಆಮ್ಯಾಲ ಭಾಗ್ಸು. ಮಿಲ್ಲಿಗೊಮ್ಮೆ ಹಂಗ, ಕಡೀಕ ಎರಡೂ ಮಿಲ್ಲು ಸೇರ್ಸಿ ಮತ್ತ ಹಂಗ."

ಅವನು ಪರದೆಯ ಕಡೆ ತಿರುಗಿ ಒಟ್ಟು ಸಾಲು ತೆರೆದ. ನಂತರ ಸೂತ್ರ ಬದಲಿಸಿದ. ದೇವದುರ್ಗದ ಎದುರು 65.8 ಬಂತು. ಕೆಂಪು ಹೋಯಿತು. ಸುಗ್ರಾ ಬೇಗಂ ಅದನ್ನೂ ನಂಬದೆ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದಳು.

ಸಾವುಕಾರರು ಎಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು. "ಆತು ಬಿಡ್ರಿ. ನಾಳಿಗಿ ಕೆಲಸಕ್ಕ ಬಾ ಅಂತ ಮಾರೆಪ್ಪಗ ಫೋನ್ ಮಾಡ್ತೀನಿ."

"ಫೋನಿನ್ಯಾಗ ಮುಗಿಯೋದಲ್ರೀ ಸಾವ್ಕಾರ್ರ. ಕೀಲಿ ಇಸ್ಕೊಂಡದ್ದು ಇಡೀ ಮಿಲ್ಲು ನೋಡ್ಯದ. ಚೀಲ ಬಿಚ್ಚಿಸಿದ್ದು ನಾನು, ಅದನ್ನೂ ನೋಡ್ಯದ. ಇಬ್ರೂ ಹೋಗಬೇಕು."

ಸಾವುಕಾರರಿಗೆ ಆ ಮಾತು ಹಿಡಿಸಲಿಲ್ಲ. ಎದ್ದು ಹೋದರು. ಎರಡು ದಿನ ಆಕೆಯ ಜೊತೆ ಮಾತೂ ಇಲ್ಲ. ಮೂರನೆಯ ದಿನ ಸಾವುಕಾರರ ಕಾರು ಆಕೆಯ ಮನೆಯ ಮುಂದೆ ಬಂದು ನಿಂತಿತು.

ದೇವದುರ್ಗದ ಮಿಲ್ಲಿನ ಅಂಗಳದಲ್ಲಿ, ಹಮಾಲರೆಲ್ಲ ನಿಂತಿರುವಾಗ, ಸಾವುಕಾರರು ಮನೆಯಿಂದ ಕರೆಸಿದ ಮಾರೆಪ್ಪನ ಕೈಗೆ ಕೀಲಿಗೊಂಚಲು ಇಟ್ಟರು. "ಲೆಕ್ಕ ನಮ್ದ ತಪ್ಪಿತ್ತು. ಮಾರೆಪ್ಪನ ಕಡಿಂದ ಒಂದು ಕಾಳೂ ತಪ್ಪಿಲ್ಲ," ಎಂದರು.

ಮಾರೆಪ್ಪ ಸುಗ್ರಾ ಬೇಗಂ ಕಡೆ ತಿರುಗಿದ. "ನೀವೂ ನನ್ನ ಕಳ್ಳ ಅಂದ್ಕೊಂಡಿದ್ರೀನ್ರಿ ಅಮ್ಮಾರ?"

"ಹೌದಪ್ಪಾ. ಅಂದ್ಕೊಂಡಿದ್ನಿ."

ಅವನು ತಲೆಯಾಡಿಸಿದ. ಪರವಾಗಿಲ್ಲ ಎನ್ನಲಿಲ್ಲ. ಗೋದಾಮಿನ ಕಡೆ ನಡೆದ.

ಅಯ್ಯಮ್ಮ ಅಂಗಳದ ಮೂಲೆಯಲ್ಲಿ ಗುಡಿಸುತ್ತಿದ್ದಳು. ಸುಗ್ರಾ ಬೇಗಂ ಹತ್ತಿರ ಹೋಗಿ, ಎಲ್ಲರಿಗೂ ಕೇಳುವಂತೆ, "ಅವತ್ತು ನಿನ್ನ ಚೀಲಕ್ಕ ಕೈ ಹಾಕಿದ್ದು ತಪ್ಪಾತವ್ವಾ. ಮಾಫ್ ಮಾಡು," ಎಂದಳು. ಅಯ್ಯಮ್ಮ ಕಸಬರಿಗೆಯನ್ನು ಗೋಡೆಗೆ ಒರಗಿಸಿದಳು.

"ಕುಂದರ್ರಿ, ನೀರು ತರ್ತೀನಿ," ಎಂದು ಒಳಗೆ ಹೋದಳು.